ಕೈಬ್ರೇಕಿನ ಶೂಗಳ ಪರೀಕ್ಷೆ ಮತ್ತು ಪಾಲನೆ

ಮುಂಗಾರಿಗೆ ಮುನ್ನ ನೇಗಿಲು, ಕುಂಟೆ, ಸಿಂಪರಣಾ ಯಂತ್ರ, ಪಂಪು ಇವುಗಳನ್ನೆಲ್ಲ ಒಮ್ಮೆ ಬಿಚ್ಚಿ ನೋಡಿ ಸರಿಪಡಿಸಿಕೊಳ್ಳುವುದು ರೈತರಲ್ಲಿ ವಾಡಿಕೆ. ಮನೆಯ ಮುಂದೆ ನಿಂತಿರುವ ಕಾರು ಅಥವಾ ಪಿಕಪ್ ವಾಹನವನ್ನು ಹೀಗೆ ನೋಡುವವರು ಕಡಿಮೆ. ನೋಡಿದರೂ ಎಣ್ಣೆ, ನೀರು, ಟೈರಿನ ಗಾಳಿ ಇಷ್ಟಕ್ಕೇ ಮುಗಿಯುತ್ತದೆ. ಕೈಬ್ರೇಕಿನ ಕಡೆಗೆ ಗಮನ ಹೋಗುವುದು ಅದು ಹಿಡಿಯದೆ ಹೋದ ದಿನವೇ.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವ ನಂದಿನಿ ಲೇಔಟನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದು ಮಗ್ಗುಲಿಗೆ ಹೊರವರ್ತುಲ ರಸ್ತೆ, ಇನ್ನೊಂದು ಮಗ್ಗುಲಿಗೆ ಮಹಾಲಕ್ಷ್ಮಿ ಲೇಔಟ್ ಮತ್ತು ಕುರುಬರಹಳ್ಳಿ. ಸ್ವಲ್ಪ ಆಚೆಗೆ ಗೊರಗುಂಟೆಪಾಳ್ಯ, ತುಮಕೂರು ರಸ್ತೆ ಮತ್ತು ಯಶವಂತಪುರದ ಕೃಷಿ ಮಾರುಕಟ್ಟೆ ಪ್ರಾಂಗಣ. ಈ ಸುತ್ತಿನ ನೆಲ ಏರುತಗ್ಗಿನದು. ಅಡ್ಡರಸ್ತೆಗಳಲ್ಲಿ ಇಳಿಜಾರಿನವು ಹಲವು. ಊರಿನ ಜಮೀನಿನ ಸಂಬಂಧವನ್ನು ಕಡಿದುಕೊಳ್ಳದೆ ನಗರದಲ್ಲಿ ಸಂಸಾರ ಹೂಡಿರುವವರು ಇಂಥ ಬಡಾವಣೆಗಳಲ್ಲಿ ಇದ್ದಾರೆ. ಅವರ ಕಾರು ವಾರದಲ್ಲಿ ಐದು ದಿನ ಇಳಿಜಾರಿನಲ್ಲಿ, ಬಿಸಿಲು ಮಳೆಗೆ ಮೈಯೊಡ್ಡಿ, ಕೈಬ್ರೇಕು ಎಳೆದ ಸ್ಥಿತಿಯಲ್ಲೇ ನಿಂತಿರುತ್ತದೆ. ಉಳಿದೆರಡು ದಿನ ಮಾಗಡಿ, ಕುಣಿಗಲ್ ಕಡೆಯ ಮಣ್ಣು ದಾರಿಯಲ್ಲಿ ಕೆಸರು ತುಳಿಯುತ್ತದೆ. ಕೈಬ್ರೇಕಿನ ಶೂಗಳಿಗೆ ಇವೆರಡೂ ಒಳ್ಳೆಯದಲ್ಲ.

ಕುಣಿಗಲ್ ಕಡೆಯ ರೈತರೊಬ್ಬರು ರಾಗಿ ಮೂಟೆಗಳನ್ನು ಹೇರಿಕೊಂಡು ಯಶವಂತಪುರಕ್ಕೆ ಹೊರಟವರು, ರಾತ್ರಿ ನಂದಿನಿ ಲೇಔಟಿನ ಮಗಳ ಮನೆಯಲ್ಲಿ ತಂಗಲೆಂದು ಇಳಿಜಾರಿನ ರಸ್ತೆಯಲ್ಲಿ ಪಿಕಪ್ಪನ್ನು ನಿಲ್ಲಿಸಿದರೆನ್ನಿ. ಹತ್ತು ಅಡಿ ಸಾಗಿದರೆ ಒಂದಡಿ ಇಳಿಯುವ ರಸ್ತೆ ಅದು. ಅಂಥ ಇಳಿಜಾರಿನಲ್ಲಿ ವಾಹನದ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಪಾಲು ಅದನ್ನು ಕೆಳಕ್ಕೆ ತಳ್ಳುತ್ತಿರುತ್ತದೆ. ವಾಹನದ ಖಾಲಿ ತೂಕ 1,700 ಕಿಲೋ ಇದ್ದರೆ ತಳ್ಳುವ ಬಲ 170 ಕಿಲೋ ತೂಕದಷ್ಟು. ಅದರ ಮೇಲೆ ರಾಗಿ 1,200 ಕಿಲೋ ಇದ್ದರೆ ಅದು 290ಕ್ಕೆ ಏರುತ್ತದೆ. ಮಾರುಕಟ್ಟೆಯಿಂದ ಖಾಲಿ ಬಂದಾಗ ಹಿಡಿದು ನಿಲ್ಲಿಸಿದ ಕೈಬ್ರೇಕು ಹೇರು ತುಂಬಿದಾಗ ಜಾರುವುದು ಈ ಕಾರಣದಿಂದ. ‘ನಿನ್ನೆ ನಿಂತಿತ್ತಲ್ಲ’ ಎನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇಂಜಿನ್ ಓಡುತ್ತಿರುವ ವಾಹನ ಬಂದರೆ ಸದ್ದು ಕೇಳಿ ಜನ ಸರಿಯುತ್ತಾರೆ. ನಿಂತ ವಾಹನ ಉರುಳತೊಡಗಿದಾಗ ಸದ್ದೇ ಇರುವುದಿಲ್ಲ. ಸಂಜೆ ರಸ್ತೆಯಲ್ಲಿ ಆಡುವ ಮಕ್ಕಳು, ಕಟ್ಟೆಯ ಮೇಲೆ ಕುಳಿತ ವೃದ್ಧರು ತಿರುಗಿ ನೋಡುವ ವೇಳೆಗೆ ಅದು ಮೈಮೇಲೆ ಬಂದಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 126ನೆಯ ಕಲಮು ಈ ಅಪಾಯವನ್ನು ಗಮನದಲ್ಲಿಟ್ಟುಕೊಂಡೇ ರಚಿತವಾಗಿದೆ. ಚಾಲಕನ ಸ್ಥಾನದಲ್ಲಿ ಲೈಸೆನ್ಸ್ ಉಳ್ಳವರು ಇಲ್ಲದಿದ್ದಲ್ಲಿ, ಇಂಜಿನನ್ನು ನಿಲ್ಲಿಸಿ ಬ್ರೇಕು ಹಾಕಿಯೋ ಅಥವಾ ಬೇರೆ ಕ್ರಮ ಕೈಗೊಂಡೋ ವಾಹನ ತಾನಾಗಿ ಚಲಿಸದಂತೆ ನೋಡಿಕೊಳ್ಳದೆ ಅದನ್ನು ಸಾರ್ವಜನಿಕ ಸ್ಥಳದಲ್ಲಿ ನಿಲ್ಲಿಸಿಹೋಗುವಂತಿಲ್ಲ.

ಕೈಬ್ರೇಕು ಕೆಲಸ ಮಾಡುವ ಬಗೆ

ಹಿಂದೆ ಎತ್ತಿನ ಗಾಡಿಗೆ ಬಿರಿ ಕಟ್ಟುತ್ತಿದ್ದುದನ್ನು ಕಂಡವರಿಗೆ ಇದನ್ನು ತಿಳಿಯುವುದು ಸುಲಭ. ಇಳಿಜಾರು ಬಂದಾಗ ಹಗ್ಗ ಬಿಗಿದರೆ ಮರದ ತುಂಡು ಚಕ್ರದ ಹೊರಮೈಗೆ ಒತ್ತಿ ನಿಲ್ಲುತ್ತಿತ್ತು. ಕಾರಿನಲ್ಲಿ ಹಗ್ಗದ ಬದಲು ಉಕ್ಕಿನ ಕೇಬಲ್ಲು, ಮರದ ತುಂಡಿನ ಬದಲು ಶೂಗಳು. ಒತ್ತುವುದು ಮಾತ್ರ ಚಕ್ರದ ಹೊರಮೈಗಲ್ಲ, ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಮೈಗೆ. ಗಾಡಿಯ ಮರ ಸವೆದರೆ ಕಣ್ಣಿಗೆ ಕಾಣುತ್ತಿತ್ತು. ಡ್ರಮ್ಮಿನೊಳಗೆ ಶೂ ಸವೆದದ್ದು ಬಿಚ್ಚದೆ ಕಾಣುವುದಿಲ್ಲ.

ಮಾರುತಿ 800, ಓಮ್ನಿ, ಟಾಟಾ ಏಸ್, ಬೊಲೆರೊ ಪಿಕಪ್ ಮುಂತಾದವುಗಳಲ್ಲಿ ಹಿಂದಿನ ಎರಡು ಚಕ್ರಗಳಿಗೆ ಡ್ರಮ್ ಬ್ರೇಕು ಇದೆ. ಒಂದೊಂದು ಡ್ರಮ್ಮಿನಲ್ಲಿ ಅರ್ಧಚಂದ್ರಾಕಾರದ ಎರಡು ಶೂಗಳು. ಅವುಗಳ ಹೊರಮೈಗೆ ಲೈನಿಂಗ್ ಪಟ್ಟಿಯನ್ನು ಅಂಟಿಸಿ ಅಥವಾ ರಿವೆಟ್ ಹೊಡೆದು ಕೂರಿಸಿರುತ್ತಾರೆ. ಕಾಲಿನಿಂದ ಪೆಡಲನ್ನು ಒತ್ತಿದಾಗ ಬ್ರೇಕ್ ಎಣ್ಣೆಯ ಒತ್ತಡದಿಂದ ವೀಲ್ ಸಿಲಿಂಡರು ಈ ಶೂಗಳನ್ನು ಅಗಲಿಸುತ್ತದೆ. ಕೈಬ್ರೇಕನ್ನು ಎಳೆದಾಗ ಅದೇ ಶೂಗಳನ್ನು ಕೇಬಲ್ಲು ಮತ್ತು ಒಂದು ಸಣ್ಣ ಸನ್ನೆ ಸೇರಿ ಅಗಲಿಸುತ್ತವೆ. ಹಾಗಾಗಿ ಈ ವಾಹನಗಳಲ್ಲಿ ಕೈಬ್ರೇಕಿನ ಶೂ ಎಂದರೆ ದಿನನಿತ್ಯ ಸವೆಯುವ ಹಿಂದಿನ ಬ್ರೇಕಿನ ಶೂವೇ.

ಹಿಂದಿನ ಚಕ್ರಕ್ಕೂ ಡಿಸ್ಕ್ ಬ್ರೇಕು ಇರುವ ಕೆಲವು ಕಾರುಗಳಲ್ಲಿ ಏರ್ಪಾಡು ಬೇರೆ. ಡಿಸ್ಕಿನ ನಡುವಿನ ಟೊಪ್ಪಿಯಂಥ ಭಾಗವೇ ಒಂದು ಪುಟ್ಟ ಡ್ರಮ್ಮು. ಅದರೊಳಗೆ ಕೈಬ್ರೇಕಿಗೆಂದೇ ಎರಡು ಪುಟ್ಟ ಶೂಗಳಿರುತ್ತವೆ. ಓಡುವಾಗ ಇವಕ್ಕೆ ಕೆಲಸವಿಲ್ಲ. ಆದ್ದರಿಂದ ಇವು ಸವೆದು ಕೆಡುವುದು ಅಪರೂಪ, ಕೆಲಸವಿಲ್ಲದೆ ಕೆಡುವುದೇ ಹೆಚ್ಚು. ತುಕ್ಕು ಹಿಡಿಯುತ್ತದೆ, ಪಟ್ಟಿಯ ಮೈ ಗಾಜಿನಂತೆ ನುಣುಪಾಗುತ್ತದೆ, ಕೆಲವೊಮ್ಮೆ ಪಟ್ಟಿ ಅಂಟು ಬಿಟ್ಟು ಶೂವಿನಿಂದ ಎದ್ದು ಬರುತ್ತದೆ. ಪಟ್ಟಿ ದಪ್ಪವಾಗಿಯೇ ಇದೆಯೆಂದು ಇವುಗಳನ್ನು ಒಳ್ಳೆಯವೆಂದು ತೀರ್ಮಾನಿಸಬಾರದು. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಂತೂ ಕೈಬ್ರೇಕು ಚಕ್ರದಲ್ಲಿರದೆ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ದಂಡದ ಮೊದಲ ತುದಿಯಲ್ಲಿತ್ತು. ಗುಂಡಿ ಒತ್ತಿದರೆ ಮೋಟಾರಿನಿಂದ ಬಿಗಿಯುವ ಹೊಸ ಬಗೆಯ ಕೈಬ್ರೇಕುಗಳನ್ನು ತಕ್ಕ ಉಪಕರಣವಿಲ್ಲದೆ ಬಿಚ್ಚಬಾರದು.

ಮೊದಲು ಕೇಬಲ್ಲನ್ನು ಬಿಗಿಯಬಾರದು

ಕೈಬ್ರೇಕಿನ ಹಿಡಿ ಮೇಲೆ ಮೇಲೆ ಬರತೊಡಗಿದಾಗ ಬಹುತೇಕ ಜನ ಮಾಡುವ ಕೆಲಸ ಒಂದೇ: ಹಿಡಿಯ ಬುಡದಲ್ಲಿರುವ ನಟ್ಟನ್ನು ನಾಲ್ಕು ಸುತ್ತು ತಿರುಗಿಸಿ ಕೇಬಲ್ಲನ್ನು ಬಿಗಿಯುವುದು. ಐದು ನಿಮಿಷದ ಕೆಲಸ. ಹಿಡಿ ಕೆಳಗೇ ನಿಲ್ಲುತ್ತದೆ, ಮನಸ್ಸಿಗೆ ಸಮಾಧಾನವಾಗುತ್ತದೆ. ಬಸಿಗಾಲುವೆ ಇಲ್ಲದೆ ನೀರು ನಿಂತು ಹಳದಿಯಾದ ಪೈರಿಗೆ ಯೂರಿಯಾ ಎರಚಿದ ಹಾಗೆ ಇದು.

ಹಿಡಿ ಮೇಲೆ ಬರುವುದಕ್ಕೆ ಸಾಮಾನ್ಯ ಕಾರಣ ಶೂ ಸವೆದು, ಅದಕ್ಕೂ ಡ್ರಮ್ಮಿಗೂ ನಡುವೆ ಅಂತರ ಹೆಚ್ಚಿರುವುದು. ಈ ಅಂತರವನ್ನು ಸರಿದೂಗಿಸಲು ಡ್ರಮ್ಮಿನೊಳಗೆ ಹಲ್ಲುಚಕ್ರವುಳ್ಳ ಒಂದು ಹೊಂದಾಣಿಕೆ ಸಾಧನವಿದೆ. ಹಲವು ವಾಹನಗಳಲ್ಲಿ ಅದು ತಾನಾಗಿಯೇ ಕೆಲಸ ಮಾಡುತ್ತದೆ. ಆದರೆ ಹಾಗೆ ಮಾಡಬೇಕಾದರೆ ಬ್ರೇಕು ಬಿಟ್ಟಾಗ ಶೂಗಳೂ ಸನ್ನೆಯೂ ಪೂರ್ತಿ ಹಿಂದಕ್ಕೆ ಬಂದು ತಮ್ಮ ಜಾಗದಲ್ಲಿ ಕೂರಬೇಕು. ಕೇಬಲ್ಲನ್ನು ಬಿಗಿದುಬಿಟ್ಟರೆ ಸನ್ನೆ ಸದಾ ಅರ್ಧ ಎಳೆದ ಸ್ಥಿತಿಯಲ್ಲೇ ಉಳಿಯುತ್ತದೆ. ಹೊಂದಾಣಿಕೆ ಸಾಧನ ಕೆಲಸ ನಿಲ್ಲಿಸುತ್ತದೆ. ಮುಂದಿನ ಸವೆತಕ್ಕೆ ಕೇಬಲ್ಲನ್ನು ಇನ್ನಷ್ಟು ಬಿಗಿಯಬೇಕಾಗುತ್ತದೆ. ಕೊನೆಗೆ ಓಡುವಾಗಲೂ ಶೂ ಡ್ರಮ್ಮಿಗೆ ತಾಗುತ್ತ ಬಿಸಿಯೇರಿ ಪಟ್ಟಿ ಸುಟ್ಟ ವಾಸನೆ ಬರುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ, ಇಂಧನವೂ ವ್ಯರ್ಥವಾಗುತ್ತದೆ. ಹಿಡಿ ಮಾತ್ರ ಬಿಗಿಯಾಗಿಯೇ ಇರುವುದರಿಂದ ಒಳಗೆ ಪಟ್ಟಿ ಮುಗಿಯುತ್ತ ಬಂದದ್ದು ಯಾರಿಗೂ ತಿಳಿಯುವುದಿಲ್ಲ. ಮೊದಲು ಶೂ, ಆಮೇಲೆ ಹೊಂದಾಣಿಕೆ, ಕಡೆಯಲ್ಲಿ ಕೇಬಲ್ಲು. ಈ ಕ್ರಮ ತಪ್ಪಬಾರದು.

ಬಿಚ್ಚುವ ಮುನ್ನ

ಹಿಡಿಯನ್ನು ನಿಧಾನವಾಗಿ ಎಳೆಯುತ್ತ ಟಕ್ ಟಕ್ ಸದ್ದನ್ನು ಎಣಿಸಬೇಕು. ಎಷ್ಟು ಇರಬೇಕೆಂದು ವಾಹನದೊಂದಿಗೆ ಕೊಟ್ಟ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಹೆಚ್ಚಿನವುಗಳಲ್ಲಿ ಇದು ನಾಲ್ಕರಿಂದ ಒಂಬತ್ತರ ಒಳಗಿರುತ್ತದೆ. ಆ ಲೆಕ್ಕವನ್ನು ತಾರೀಖಿನೊಂದಿಗೆ ಬರೆದಿಡುವುದು ಒಳ್ಳೆಯದು. ಆರು ತಿಂಗಳಲ್ಲಿ ಐದು ಇದ್ದದ್ದು ಎಂಟಾಗಿದ್ದರೆ ಬಿಚ್ಚಿ ನೋಡುವ ಕಾಲ ಬಂದಿದೆ.

ಬಳಿಕ ಜನರಿಲ್ಲದ ಸಮತಟ್ಟಾದ ಜಾಗದಲ್ಲಿ ನಡಿಗೆಯ ವೇಗದಲ್ಲಿ ಸಾಗುತ್ತ, ಹಿಡಿಯ ತುದಿಯ ಗುಂಡಿಯನ್ನು ಒತ್ತಿಹಿಡಿದೇ ಕೈಬ್ರೇಕನ್ನು ಎಳೆಯಬೇಕು. ಗುಂಡಿ ಒತ್ತಿದ್ದರೆ ಬೇಕೆಂದ ಕೂಡಲೇ ಬಿಡಬಹುದು. ವಾಹನ ನೇರವಾಗಿ ನಿಲ್ಲಬೇಕು. ಎರಡೂ ಚಕ್ರಗಳು ಸಮನಾಗಿ ಹಿಡಿಯದಿದ್ದರೆ ಒಂದು ಬದಿಯ ಶೂ ಎಣ್ಣೆ ಕುಡಿದಿರಬೇಕು, ಇಲ್ಲವೇ ಆ ಬದಿಯ ಕೇಬಲ್ಲು ಹಿಡಿದುಕೊಂಡಿರಬೇಕು. ಬೆಳಿಗ್ಗೆ ಹೊರಡುವಾಗ ಹಿಂದಿನಿಂದ ‘ಟಕ್’ ಎಂದು ಬಿಟ್ಟುಕೊಂಡ ಸದ್ದು ಬಂದರೆ ರಾತ್ರಿಯ ತೇವದಲ್ಲಿ ಶೂ ಡ್ರಮ್ಮಿಗೆ ಅಂಟಿತ್ತೆಂದು ತಿಳಿಯಬೇಕು.

ಬಿಚ್ಚುವ ಕೆಲಸ

ಸಮತಟ್ಟಾದ ಗಟ್ಟಿ ನೆಲವೇ ಬೇಕು. ನಂದಿನಿ ಲೇಔಟಿನ ಇಳಿಜಾರು ರಸ್ತೆಯಲ್ಲಿಯೂ ಬೇಡ, ಹೊಲದ ಹದಿ ಮಣ್ಣಿನ ಮೇಲೂ ಬೇಡ. ಊರಿನ ಸಿಮೆಂಟು ಕಣ ಇದಕ್ಕೆ ಸೊಗಸಾದ ಜಾಗ. ಕೈಬ್ರೇಕು ಬಿಡದೆ ಡ್ರಮ್ಮು ಬರುವುದಿಲ್ಲ. ಕೈಬ್ರೇಕು ಬಿಟ್ಟ ಮೇಲೆ ವಾಹನವನ್ನು ಹಿಡಿದಿರುವುದು ಮುಂದಿನ ಚಕ್ರಗಳಿಗೆ ಕೊಟ್ಟ ಅಡ್ಡಗಲ್ಲು ಮಾತ್ರ. ಆದ್ದರಿಂದ ಎರಡೂ ಮುಂಚಕ್ರಗಳಿಗೆ ಹಿಂದೆ ಮುಂದೆ ಭದ್ರವಾಗಿ ಅಡ್ಡ ಕೊಡಬೇಕು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸಡಿಲಿಸಿ ಆಮೇಲೆ ಜಾಕ್ ಎತ್ತಬೇಕು. ಜಾಕನ್ನೊಂದೇ ನಂಬದೆ ಕೆಳಗೆ ಕಬ್ಬಿಣದ ಸ್ಟ್ಯಾಂಡು ಇಡಬೇಕು. ಇಟ್ಟಿಗೆ ಪೇರಿಸಿ ಅದರ ಮೇಲೆ ವಾಹನ ಕೂರಿಸುವುದು ಹಳ್ಳಿಗಳಲ್ಲಿ ಇಂದಿಗೂ ಕಾಣುತ್ತದೆ. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ಡ್ರಮ್ಮು ಕೈಗೆ ಬರದಿದ್ದರೆ ಕಾರಣ ಎರಡು. ತುಕ್ಕು ಹಿಡಿದಿರಬಹುದು, ಅಥವಾ ಒಳಗೆ ಸವೆತದಿಂದಾದ ಏಣಿಗೆ ಶೂ ಸಿಕ್ಕಿಕೊಂಡಿರಬಹುದು. ಹಲವು ಡ್ರಮ್ಮುಗಳ ಮುಖದಲ್ಲಿ ಮರೆ ಇರುವ ಎರಡು ತೂತುಗಳಿರುತ್ತವೆ. ಅವಕ್ಕೆ ತಕ್ಕ ಬೋಲ್ಟುಗಳನ್ನು ಸಮನಾಗಿ ತಿರುಗಿಸುತ್ತ ಹೋದರೆ ಡ್ರಮ್ಮು ತಾನೇ ಎದ್ದು ಬರುತ್ತದೆ. ಶೂ ಸಿಕ್ಕಿಕೊಂಡಿದ್ದರೆ ಹೊಂದಾಣಿಕೆಯ ಹಲ್ಲುಚಕ್ರವನ್ನು ಸಡಿಲಿಸಬೇಕು. ಎರಕದ ಕಬ್ಬಿಣಕ್ಕೆ ಕಬ್ಬಿಣದ ಸುತ್ತಿಗೆಯಿಂದ ಬಲವಾಗಿ ಹೊಡೆದರೆ ಸೀಳುತ್ತದೆ. ಮರದ ಕೊಡತಿಯಿಂದ ಸುತ್ತಲೂ ಮೆಲ್ಲಗೆ ತಟ್ಟಬೇಕು.

ಡ್ರಮ್ಮು ತೆಗೆದೊಡನೆ ಒಳಗಿನ ಕಪ್ಪು ಧೂಳನ್ನು ಬಾಯಿಂದ ಊದುವುದು, ಕಂಪ್ರೆಸರಿನ ಗಾಳಿ ಹೊಡೆಯುವುದು ಕೈಗೆ ಬಂದ ಅಭ್ಯಾಸ. ಇದನ್ನು ಖಂಡಿತ ಬಿಡಬೇಕು. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ನಾರು ಸೇರಿಸುತ್ತಿದ್ದರು. ಅದರ ಧೂಳು ಶ್ವಾಸಕೋಶ ಸೇರಿದರೆ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರಿಗೂ ಕಾರಣವಾಗಬಲ್ಲದು. ಪಟ್ಟಿಯಲ್ಲಿ ಅದಿದೆಯೋ ಇಲ್ಲವೋ ಎಂಬುದನ್ನು ಕಣ್ಣಿನಿಂದ ನೋಡಿ ಹೇಳಲಾಗದು. ಮೂಗು ಬಾಯಿ ಮುಚ್ಚುವ ಮುಖವಾಡ ಧರಿಸಿ, ನೀರು ಚಿಮುಕಿಸಿ ಧೂಳನ್ನು ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಕೀಟನಾಶಕ ಹೊಡೆದ ಸಿಂಪರಣಾ ಯಂತ್ರವನ್ನು ಈ ಕೆಲಸಕ್ಕೆ ತರಬಾರದೆಂದು ಬೇರೆ ಹೇಳಬೇಕಿಲ್ಲ.

ನೋಡಬೇಕಾದದ್ದು

ಮೊದಲು ಪಟ್ಟಿಯ ದಪ್ಪ. ಕನಿಷ್ಠ ದಪ್ಪ ಎಷ್ಟೆಂದು ಆಯಾ ವಾಹನದ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಅದು ಸಿಗದಿದ್ದಲ್ಲಿ, ಅಂಟಿಸಿದ ಪಟ್ಟಿ ತೀರ ತೆಳುವಾದ ಜಾಗದಲ್ಲಿ ಒಂದೂವರೆ ಮಿಲಿಮೀಟರಿಗೆ ಬಂದಿದ್ದರೆ ಬದಲಾಯಿಸುವುದು ಲೇಸು. ರಿವೆಟ್ ಹೊಡೆದ ಪಟ್ಟಿಯಾದರೆ ಅಳೆಯಬೇಕಾದ್ದು ಪಟ್ಟಿಯ ಒಟ್ಟು ದಪ್ಪವಲ್ಲ, ರಿವೆಟ್ಟಿನ ತಲೆಯಿಂದ ಮೇಲಕ್ಕೆ ಉಳಿದಿರುವ ಭಾಗ. ರಿವೆಟ್ಟು ಡ್ರಮ್ಮಿಗೆ ತಾಗಿದರೆ ಡ್ರಮ್ಮಿನ ಒಳಮೈಯಲ್ಲಿ ಸಾಲು ಬೀಳುತ್ತದೆ. ಶೂವಿನ ಜೊತೆಗೆ ಡ್ರಮ್ಮಿನ ಖರ್ಚೂ ಬರುತ್ತದೆ. ಒಂದು ಶೂ ಇನ್ನೊಂದಕ್ಕಿಂತ ಸ್ವಲ್ಪ ಹೆಚ್ಚು ಸವೆದಿರುವುದು ಸಹಜ. ಒಂದೇ ಶೂವಿನ ಒಂದು ಅಂಚು ಮಾತ್ರ ಸವೆದಿದ್ದರೆ ಅದು ನೇರವಾಗಿ ಕೂತಿಲ್ಲವೆಂದು ಅರ್ಥ.

ಎರಡನೆಯದು ಎಣ್ಣೆ. ಪಟ್ಟಿ ಜಿಡ್ಡಾಗಿದ್ದರೆ ಮೂಲ ಹುಡುಕಬೇಕು. ಮೇಲ್ಭಾಗದ ವೀಲ್ ಸಿಲಿಂಡರಿನ ರಬ್ಬರು ಟೊಪ್ಪಿಯ ಅಂಚನ್ನು ಸ್ವಲ್ಪ ಎತ್ತಿದಾಗ ತೇವ ಕಂಡರೆ ಬ್ರೇಕ್ ಎಣ್ಣೆ ಸೋರುತ್ತಿದೆ. ನಡುವಿನ ಆಕ್ಸಲಿನ ಕಡೆಯಿಂದ ದಪ್ಪ ಕಪ್ಪು ಎಣ್ಣೆ ಬಂದಿದ್ದರೆ ಆಯಿಲ್ ಸೀಲು ಹೋಗಿದೆ. ಜಿಡ್ಡು ಹೀರಿದ ಪಟ್ಟಿಯನ್ನು ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ತೊಳೆದು, ಬಿಸಿಲಿಗಿಟ್ಟು ಮತ್ತೆ ಹಾಕುವ ಉಳಿತಾಯ ಬೇಡ. ಮೇಲೆ ಒಣಗಿದಂತೆ ಕಂಡರೂ ಬಿಸಿಯೇರಿದಾಗ ಒಳಗಿನ ಎಣ್ಣೆ ಹೊರಬರುತ್ತದೆ. ಸೋರಿಕೆ ನಿಲ್ಲಿಸಿ ಹೊಸ ಶೂ ಹಾಕಬೇಕು.

ಪಟ್ಟಿ ದಪ್ಪವಾಗಿದ್ದು ಮೈ ಮಾತ್ರ ಹೊಳಪಾಗಿದ್ದರೆ ಒದ್ದೆ ಮಾಡಿ ಒರಟು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿದರೆ ಸಾಕು. ಬಿರುಕು ಬಿಟ್ಟಿದ್ದರೆ, ಅಂಚು ಉದುರಿದ್ದರೆ, ಉಗುರು ತೂರಿಸಿದಾಗ ಪಟ್ಟಿ ಏಳುವಂತಿದ್ದರೆ ಅದನ್ನು ಇಟ್ಟುಕೊಳ್ಳಬಾರದು. ಡ್ರಮ್ಮಿನ ಒಳಮೈಯನ್ನು ಬೆರಳಿನಿಂದ ಸವರಿ ಗೀರು, ಬಿರುಕು ನೋಡಬೇಕು. ಸವೆತದಿಂದ ಎಷ್ಟು ಅಗಲವಾಗಬಹುದೆಂಬ ಮಿತಿಯನ್ನು ಹಲವು ಡ್ರಮ್ಮುಗಳ ಮೇಲೆಯೇ ಅಂಕಿಗಳಲ್ಲಿ ಎರಕ ಹೊಯ್ದಿರುತ್ತಾರೆ. ಅದನ್ನು ಮೀರಿದ ಡ್ರಮ್ಮನ್ನು ಮತ್ತೆ ಲೇತಿಗೆ ಕೊಟ್ಟು ಪ್ರಯೋಜನವಿಲ್ಲ.

ಕೃಷಿಕರ ವಾಹನದಲ್ಲಿ ವಿಶೇಷವಾಗಿ ಕೆಡುವುದು ಕೇಬಲ್ಲು. ರಸಗೊಬ್ಬರದ ಮೂಟೆ ಹರಿದು ಚೆಲ್ಲಿದ ಹರಳು ಗಾಳಿಯ ತೇವವನ್ನು ಹೀರಿ ನೀರಾಗುತ್ತದೆ. ಆ ಉಪ್ಪುನೀರು ಹಲಗೆಯ ಸಂದಿಯಿಂದ ಕೆಳಗಿಳಿದು ಉಕ್ಕನ್ನು ತಿನ್ನುತ್ತದೆ. ದನ ಕುರಿಗಳನ್ನು ಸಾಗಿಸಿದಾಗ ಬೀಳುವ ಗಂಜಲವೂ ಹಾಗೆಯೇ. ಹೊರಗಿನ ಕವಚ ಒಂದು ಕಡೆ ಒಡೆದಿದ್ದರೂ ಸಾಕು, ಕೆಸರು ನೀರು ಒಳಹೊಕ್ಕು ತಂತಿ ತುಕ್ಕು ಹಿಡಿದು ಊದಿಕೊಳ್ಳುತ್ತದೆ. ಆಮೇಲೆ ಹಿಡಿ ಬಿಟ್ಟರೂ ಕೇಬಲ್ಲು ಹಿಂದಕ್ಕೆ ಬರುವುದಿಲ್ಲ. ಒಬ್ಬರು ಹಿಡಿಯನ್ನು ಎಳೆದು ಬಿಡುತ್ತಿರುವಾಗ ಇನ್ನೊಬ್ಬರು ಶೂವಿನ ಹತ್ತಿರದ ಸನ್ನೆ ಪೂರ್ತಿ ಹಿಂದಕ್ಕೆ ಮರಳುತ್ತದೆಯೇ ಎಂದು ನೋಡಬೇಕು. ಡ್ರಮ್ಮು ತೆಗೆದಿರುವುದರಿಂದ ಹೆಚ್ಚು ಎಳೆಯಬಾರದು. ಒಂದೆರಡು ಹಲ್ಲು ಸಾಕು. ತಂತಿಯ ಒಂದು ಎಳೆ ಹರಿದಿದ್ದರೂ ಕೇಬಲ್ಲನ್ನು ಬದಲಾಯಿಸಬೇಕು. ಗೊಬ್ಬರ ಸಾಗಿಸಿದ ದಿನವೇ ವಾಹನದ ಅಡಿಭಾಗವನ್ನು ಒಳ್ಳೆಯ ನೀರಿನಿಂದ ತೊಳೆದರೆ ಇಷ್ಟೆಲ್ಲ ಆಗುವುದಿಲ್ಲ.

ಮತ್ತೆ ಜೋಡಿಸುವಾಗ

ಶೂಗಳನ್ನು ಎರಡೂ ಚಕ್ರಗಳಿಗೆ ಒಟ್ಟಿಗೆ ಬದಲಾಯಿಸಬೇಕು. ಬಿಚ್ಚುವುದು ಮಾತ್ರ ಒಂದಾದ ಮೇಲೆ ಒಂದು. ಸ್ಪ್ರಿಂಗುಗಳು ಯಾವ ತೂತಿಗೆ ಹೇಗೆ ಸಿಕ್ಕಿದ್ದವೆಂಬುದು ಮರೆತುಹೋಗುತ್ತದೆ. ಬಿಚ್ಚದೆ ಉಳಿದ ಇನ್ನೊಂದು ಬದಿಯೇ ಆಗ ಗುರು. ಎಡದ ಹೊಂದಾಣಿಕೆ ಸಾಧನವನ್ನು ಬಲಕ್ಕೆ ಹಾಕಿದರೆ ಅದು ಉಲ್ಟಾ ತಿರುಗಿ ಅಂತರವನ್ನು ಹೆಚ್ಚಿಸುವ ಸಂಭವವುಂಟು. ಸಡಿಲವಾದ ಸ್ಪ್ರಿಂಗುಗಳನ್ನು ಶೂಗಳ ಜೊತೆಯಲ್ಲೇ ಹೊಸದು ಹಾಕುವುದು ಮೇಲು. ಬೆಂಗಳೂರಿನವರು ಬಿಡಿಭಾಗಗಳಿಗಾಗಿ ಜೆ.ಸಿ. ರಸ್ತೆಗೆ ಹೋಗುವುದುಂಟು, ಹೋಗುವಾಗ ಹಳೆಯ ಶೂವನ್ನು ಚೀಲದಲ್ಲಿ ಕಟ್ಟಿ ಜೊತೆಗೊಯ್ದರೆ ಅಳತೆ ತಪ್ಪುವುದಿಲ್ಲ.

ಶೂವಿನ ಅಂಚು ಹಿಂದಿನ ತಗಡಿಗೆ ತಾಗಿ ಜಾರುವ ಉಬ್ಬುಗಳಿಗೆ ಶಾಖ ತಡೆಯುವ ಗ್ರೀಸನ್ನು ಕಡಲೆ ಬೇಳೆಯಷ್ಟು ಮಾತ್ರ ಸವರಬೇಕು. ಜಿಡ್ಡು ಪಟ್ಟಿಗೆ ತಾಗದಂತೆ ಕೈ ಒರೆಸಿಕೊಂಡು ಕೆಲಸ ಮಾಡಬೇಕು. ಡ್ರಮ್ಮು ಕೂರಿಸಿದ ಮೇಲೆ ಶೂ ಡ್ರಮ್ಮಿಗೆ ತುಸುವೇ ತಾಗುವವರೆಗೆ ಹಲ್ಲುಚಕ್ರವನ್ನು ತಿರುಗಿಸಿ, ಚಕ್ರ ಸರಾಗವಾಗಿ ತಿರುಗುವಷ್ಟು ಹಿಂದಕ್ಕೆ ಬಿಡಬೇಕು. ಪೆಡಲನ್ನು ಹಲವು ಬಾರಿ ಒತ್ತಿ ಶೂಗಳು ಜಾಗದಲ್ಲಿ ಕೂರುವಂತೆ ಮಾಡಬೇಕು. ಇಷ್ಟಾದ ಮೇಲೂ ಹಿಡಿ ಹೆಚ್ಚು ಮೇಲೆ ಬರುತ್ತಿದ್ದರೆ ಮಾತ್ರ ಕೇಬಲ್ಲಿನ ನಟ್ಟಿಗೆ ಕೈಹಚ್ಚಬೇಕು. ಹಿಡಿಯನ್ನು ಪೂರ್ತಿ ಬಿಟ್ಟಾಗ ಎರಡೂ ಚಕ್ರಗಳು ಕೈಯಿಂದ ಸಲೀಸಾಗಿ ತಿರುಗಬೇಕು, ಎಳೆದಾಗ ಎರಡೂ ಒಂದೇ ಹಲ್ಲಿಗೆ ಹಿಡಿಯಬೇಕು. ಚಕ್ರದ ನಟ್ಟುಗಳನ್ನು ಒಂದರ ಪಕ್ಕ ಒಂದಲ್ಲ, ಎದುರುಬದುರಾಗಿ ಬಿಗಿಯಬೇಕು. ಐವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಹೊಸ ಪಟ್ಟಿ ಡ್ರಮ್ಮಿಗೆ ಒಗ್ಗುವವರೆಗೆ ಪೂರ್ತಿ ಹಿಡಿತ ಬರುವುದಿಲ್ಲ. ಆ ಕೆಲವು ದಿನ ಹೇರು ತುಂಬಿ ಇಳಿಜಾರಿನಲ್ಲಿ ನಿಲ್ಲಿಸದಿರುವುದು ಒಳ್ಳೆಯದು.

ಇಳಿಜಾರಿನಲ್ಲಿ ನಿಲ್ಲಿಸುವಾಗ

ಶೂ ಎಷ್ಟೇ ಚೆನ್ನಾಗಿರಲಿ, ಹೇರು ವಾಹನವನ್ನು ಕೈಬ್ರೇಕು ಒಂದಕ್ಕೇ ಒಪ್ಪಿಸಬಾರದು. ಪೆಡಲನ್ನು ಒತ್ತಿಹಿಡಿದು ಕೈಬ್ರೇಕು ಎಳೆದು, ಇಂಜಿನ್ ನಿಲ್ಲಿಸಿ, ಏರಿನ ಕಡೆ ಮುಖವಿದ್ದರೆ ಮೊದಲನೆಯ ಗೇರಿಗೆ, ಇಳಿವಿನ ಕಡೆ ಮುಖವಿದ್ದರೆ ರಿವರ್ಸ್ ಗೇರಿಗೆ ಹಾಕಬೇಕು. ರಸ್ತೆಯ ಎಡಬದಿಯಲ್ಲಿ ಇಳಿವಿನ ಕಡೆ ಮುಖ ಮಾಡಿ ನಿಲ್ಲಿಸಿದಾಗ ಮುಂಚಕ್ರಗಳನ್ನು ಎಡಕ್ಕೆ ತಿರುಗಿಸಿರಬೇಕು. ಏರಿನ ಕಡೆ ಮುಖವಿದ್ದು ರಸ್ತೆಗೆ ಅಂಚುಕಲ್ಲು ಇದ್ದರೆ ಬಲಕ್ಕೆ, ಅಂಚುಕಲ್ಲು ಇಲ್ಲದಿದ್ದರೆ ಎಡಕ್ಕೆ. ಹೀಗೆ ಮಾಡಿದರೆ ವಾಹನ ಜಾರಿದರೂ ರಸ್ತೆಯ ನಡುವೆ ಓಡದೆ ಅಂಚಿನ ಕಡೆಗೆ ತಿರುಗುತ್ತದೆ.

ಚಕ್ರಕ್ಕೆ ಕಲ್ಲು ಕೊಡುವುದು ಒಳ್ಳೆಯ ರೂಢಿ. ಹೊರಡುವಾಗ ಅದನ್ನು ರಸ್ತೆಯ ಮಧ್ಯೆ ಬಿಟ್ಟುಹೋಗುವುದು ಕೆಟ್ಟ ರೂಢಿ. ಕತ್ತಲಲ್ಲಿ ಬರುವ ದ್ವಿಚಕ್ರ ವಾಹನದವರು ಅದಕ್ಕೆ ಎಡವಿ ಬೀಳುತ್ತಾರೆ. ಜಾಲಿ ಮರದ ಎರಡು ಬೆಣೆ ಮಾಡಿಸಿ, ಹಗ್ಗ ಕಟ್ಟಿ, ವಾಹನದಲ್ಲೇ ಇಟ್ಟುಕೊಂಡರೆ ಆ ತಾಪತ್ರಯವಿಲ್ಲ. ವಾಹನವನ್ನು ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸಬೇಕಾಗಿ ಬಂದರೆ ಸಮತಟ್ಟಾದ ಜಾಗದಲ್ಲಿ ಗೇರು ಹಾಕಿ, ಬೆಣೆ ಕೊಟ್ಟು, ಕೈಬ್ರೇಕನ್ನು ಬಿಟ್ಟಿಡಬೇಕು. ತೊಳೆದ ಕೂಡಲೇ ಅಥವಾ ನೀರು ನಿಂತ ದಾರಿ ದಾಟಿದ ಕೂಡಲೇ ನಿಲ್ಲಿಸುವ ಬದಲು, ಸ್ವಲ್ಪ ದೂರ ಓಡಿಸುತ್ತ ಪೆಡಲನ್ನು ಹಗುರವಾಗಿ ಒತ್ತಿದರೆ ಶೂಗಳು ಒಣಗುತ್ತವೆ.

ಬಿಚ್ಚಿ ತೆಗೆದ ಹಳೆಯ ಶೂಗಳನ್ನೂ ಧೂಳು ಒರೆಸಿದ ಬಟ್ಟೆಯನ್ನೂ ತಿಪ್ಪೆಗುಂಡಿಗೆ ಹಾಕಬಾರದು. ಗೊಬ್ಬರದೊಂದಿಗೆ ಅವು ಹೊಲ ಸೇರುತ್ತವೆ. ಬಟ್ಟೆಯನ್ನು ಒದ್ದೆಯಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಕು, ಸುಡಬಾರದು.